ಕೆಳಗಿನ ಸಾ

ಅಮೆರಿಕದ ಬೇ ಏರಿಯಾದ ನೆವಾರ್ಕ್ ಊರಿನ ಆ ಬೀದಿಯ ಕೊನೆಯ ಮನೆಗೂ ಫ್ರೀವೇ ಎಂಬ ಹೆದ್ದಾರಿಗೂ ನಡುವೆ ಇರುವುದು ಒಂದು ಕಾಂಕ್ರೀಟ್ ಗೋಡೆ ಮಾತ್ರ. ಸದ್ದು ತಡೆಯಲೆಂದು ಸರ್ಕಾರ ಕಟ್ಟಿಸಿದ ಗೋಡೆ. ಅದು ಎಷ್ಟು ತಡೆಯುತ್ತದೆ ಎನ್ನುವುದನ್ನು ಆ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ ಬಂದವರನ್ನು ಕೇಳಬೇಕು. ರೊಟ್ಟಿ ಸಾಕು ಎಂದು ನೀವು ಮೆಲ್ಲಗೆ ಹೇಳಿದರೆ ಬಡಿಸುವವರಿಗೆ ಕೇಳಿಸುವುದಿಲ್ಲ, ತಟ್ಟೆಗೆ ಇನ್ನೆರಡು ಬಿದ್ದಿರುತ್ತವೆ. ಮನೆ ನೋಡಲು ಬಂದವರೆಲ್ಲ ಫ್ರೀವೇ ಪಕ್ಕ ಎಂದು ಮುಖ ತಿರುಗಿಸಿ ಹೋಗಿದ್ದರಿಂದಲೇ ಅದು ಹುಬ್ಬಳ್ಳಿಯ ಅಪ್ಪಾಸಾಹೇಬರಿಗೆ ದಕ್ಕಿತು. ಅವರು ಟ್ರಕ್ಕಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಟೈರಿನ ಸದ್ದು ಅವರಿಗೆ ಸದ್ದೇ ಅಲ್ಲ.

ಅವರ ಹೆಂಡತಿ ಬಂಗಾರೆವ್ವ. ಆ ಮನೆಯ ಗರಾಜಿನಲ್ಲಿ ಕಾರು ನಿಂತದ್ದನ್ನು ಬೀದಿಯವರು ಯಾರೂ ನೋಡಿಲ್ಲ. ಅಲ್ಲಿ ಒಂದು ಜಮಖಾನ, ಒಂದು ಹಾರ್ಮೋನಿಯಂ, ಗೋಡೆಗೆ ಬಸವಣ್ಣನ ಪಟ, ಮೂಲೆಯಲ್ಲಿ ಗುರ್ ಎನ್ನುವ ವಾಟರ್ ಹೀಟರು. ಅಲ್ಲಿ ಕುಳಿತು ಬಂಗಾರೆವ್ವ ಇಪ್ಪತ್ತು ವರ್ಷಕ್ಕೂ ಮೇಲೆ ಊರ ಮಕ್ಕಳಿಗೆ ವಚನ, ದಾಸರ ಪದ, ನಾಲ್ಕಾರು ಹಿಂದುಸ್ತಾನಿ ರಾಗ ಹೇಳಿಕೊಟ್ಟಳು. ಅವಳು ದೊಡ್ಡ ಹಾಡುಗಾರ್ತಿಯಲ್ಲ, ಹಾಗೆಂದು ಹೇಳಿಕೊಂಡವಳೂ ಅಲ್ಲ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ಪ್ರಾರ್ಥನೆ. ಪ್ರಾರ್ಥನೆ ಎಂದರೆ ಜನ ಕುರ್ಚಿ ಹುಡುಕುತ್ತ, ಚಾ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತ ಇರುವಾಗ ಹಾಡುವ ಹಾಡು. ಅದನ್ನೂ ಅವಳು ಕಣ್ಣು ಮುಚ್ಚಿ, ಕೊನೆಯ ಅಕ್ಷರದವರೆಗೆ ಹಾಡಿಯೇ ಇಳಿಯುತ್ತಿದ್ದಳು.

ಅವಳು ಕಲಿತದ್ದು ಗದಗಿನ ಹತ್ತಿರದ ತನ್ನೂರಿನಲ್ಲಿ, ವೀರಣ್ಣ ಮಾಸ್ತರರ ಬಳಿ. ಮಾಸ್ತರರದು ಒಂದೇ ಹಟ. ನಸುಕಿನಲ್ಲಿ ಎದ್ದು ಬರಬೇಕು. ಬಂದವರು ಹಾಡು ಗೀಡು ಏನೂ ಹಾಡಕೂಡದು. ದನಿ ಎಷ್ಟು ತಗ್ಗಿಗೆ ಇಳಿಯುತ್ತದೋ ಅಷ್ಟು ಇಳಿದು, ಅಲ್ಲಿ ಸಿಗುವ 'ಸಾ' ಒಂದನ್ನೇ ಉಸಿರು ಇರುವ ತನಕ ಹಿಡಿದು ಕೂರಬೇಕು. ಕೆಳಗಿನ ಸಾ ಎಂದು ಅದಕ್ಕೆ ಅವರ ಹೆಸರು. ತಿಂಗಳುಗಟ್ಟಲೆ ಅದೇ. ಹುಡುಗಿ ಬಂಗಾರೆವ್ವನಿಗೆ ಬೇಸರ ಬಂದು ಒಂದು ದಿನ ಕೇಳಿಯೇ ಬಿಟ್ಟಳು.

"ಯಾಕ್ರೀ ಮಾಸ್ತರ, ಮಧ್ಯಾಹ್ನ ಹಾಡಿದ್ರ ಸಾ ಬ್ಯಾರೆ ಆಗತೈತೇನು? ಇಷ್ಟ ನಸುಕಿನ್ಯಾಗ ಯಾಕ ಎಬ್ಬಸ್ತೀರಿ?"

ಮಾಸ್ತರರು ಹೊರಗಿನ ಬೇವಿನ ಮರದ ಕಡೆ ಕೈ ಮಾಡಿದರು. ಮರದ ತುಂಬ ಹಕ್ಕಿಗಳ ಗದ್ದಲ. "ಅವನ್ನ ಯಾರ ಎಬ್ಬಿಸ್ಯಾರ? ಈಗ ಗಾಳಿ ಎದ್ದಿಲ್ಲ, ಊರು ಎದ್ದಿಲ್ಲ. ಸಣ್ಣ ದನೀನೂ ದೂರ ಹೋಗತೈತಿ. ಕಾಳು ಹುಡುಕಾಕ ಇನ್ನೂ ಬೆಳಕಿಲ್ಲ, ಸುಮ್ನ ಕುಂತು ಏನ್ ಮಾಡಬೇಕು ಅವು? ರಾತ್ರಿ ಕಳೀತು, ನಾ ಉಳದೀನಿ, ಈ ಟೊಂಗಿ ನಂದು ಅಂತ ಹೇಳ್ತಾವ. ನೀನೂ ಹಂಗ ಹೇಳು. ಒದರಬ್ಯಾಡ. ಹೇಳು."

ಈ ಮಾತನ್ನು ಬಂಗಾರೆವ್ವ ಮರೆತಿರಲಿಲ್ಲ. ಮರೆತಿದ್ದರೆ ಮುಂದಿನದಕ್ಕೆ ಅವಳು ತನ್ನನ್ನು ಅಷ್ಟು ಬೈದುಕೊಳ್ಳುತ್ತಿರಲಿಲ್ಲವೇನೋ.

ಅಮೆರಿಕಕ್ಕೆ ಬಂದ ಹೊಸತರಲ್ಲಿ ಅವಳು ನಸುಕಿನಲ್ಲೇ ಎದ್ದು ಗರಾಜಿನಲ್ಲಿ ಕೂರುತ್ತಿದ್ದಳು. ಆದರೆ ಫ್ರೀವೇ ಅವಳಿಗಿಂತ ಮುಂಚೆ ಎದ್ದಿರುತ್ತಿತ್ತು. ಗುಡ್ಡದಾಚೆಯ ಊರುಗಳಲ್ಲಿ ಮನೆ ಮಾಡಿಕೊಂಡು ಈಚೆಯ ಕಣಿವೆಯ ಆಫೀಸುಗಳಿಗೆ ಹೋಗುವ ಜನ ಕತ್ತಲಲ್ಲೇ ಗಾಡಿ ತೆಗೆಯುತ್ತಾರೆ. ಒಂದೇ ಸಮನೆ ಬೋರೆಂದು, ನೆಲದಿಂದ ಮೇಲೇಳುವ ತಗ್ಗು ಸದ್ದು. ಅದರಲ್ಲಿ ಕೆಳಗಿನ ಸಾ ಹಾಡಿದರೆ ಅವಳದೇ ಕಿವಿಗೆ ಬೀಳುತ್ತಿರಲಿಲ್ಲ. ತನ್ನ ದನಿ ತನಗೇ ಕೇಳದೆ ಹಾಡುವುದೆಂದರೆ ರುಚಿ ನೋಡದೆ ಸಾರಿಗೆ ಉಪ್ಪು ಹಾಕಿದ ಹಾಗೆ. ಕೆಲವು ದಿನ ಹೆಣಗಿದಳು. ಆಮೇಲೆ, ಇಲ್ಲಿ ಇದು ನಡೆಯುವುದಿಲ್ಲ ಎಂದುಕೊಂಡು ಸಾಧನೆಯನ್ನು ಮೇಲಿನ ಸ್ವರಗಳಿಂದ ಶುರು ಮಾಡಿದಳು.

ಮಕ್ಕಳು ಬರತೊಡಗಿದ ಮೇಲೆ ಶ್ರುತಿಯೂ ಏರಿತು. ಅವಳದು ವಿದ್ಯುತ್ತಿನ ತಂಬೂರಿ ಪೆಟ್ಟಿಗೆ. ಒಂದು ಗುಂಡಿ ತಿರುಗಿಸಿದರೆ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಏರುತ್ತದೆ. ಏರಿದ ಶ್ರುತಿ ಗೋಡೆಯಾಚೆಯ ಬೋರ್ಗರೆತದ ಮೇಲೆ ಎದ್ದು ನಿಲ್ಲುತ್ತಿತ್ತು. ಮುಂದಿನ ವರ್ಷ ಇನ್ನರ್ಧ ಮನೆ. ಅವಳು ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಗುತ್ತಿತ್ತು. ಮಕ್ಕಳು ಮೆಲ್ಲಗೆ ಹಾಡಿದರೆ "ಎತ್ರೀ, ದನಿ ಎತ್ರೀ" ಎಂದು ತೊಡೆ ತಟ್ಟುತ್ತಿದ್ದಳು. ಎತ್ತಿದರು ಪಾಪ. ಬೇ ಏರಿಯಾದ ಕನ್ನಡ ಮಂದಿಯ ಬಾಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ಬಂಗಾರಕ್ಕನ ಶಿಷ್ಯರಿಗೆ ಮೈಕು ಬೇಡ. ಈ ಮಾತು ಕೇಳಿದಾಗಲೆಲ್ಲ ಅವಳು ಸೆರಗು ಸರಿಮಾಡಿಕೊಂಡು ಹಿಗ್ಗಿದಳು. ಹಿಗ್ಗಬೇಕಾದ್ದೇ ಎಂದು ಆಗ ಯಾರಿಗಾದರೂ ಅನ್ನಿಸುತ್ತಿತ್ತು.

ಆ ಶಿಷ್ಯರಲ್ಲಿ ವಿಭಾ ಬೇರೆಯೇ. ಅವಳ ತಾಯಿ ಸಿಂಧು ಮಂಡ್ಯದವಳು, ನೆವಾರ್ಕಿನಲ್ಲೇ ಕಾರು ಕಂಪನಿಯಲ್ಲಿ ಕೆಲಸ. ಆಫೀಸಿಗೆ ಹೋಗುವ ಮುಂಚೆ ಮಗಳನ್ನು ಗರಾಜಿಗೆ ಬಿಟ್ಟು, ಕ್ಲಾಸು ಮುಗಿದ ಮೇಲೆ ಸ್ಕೂಲಿಗೆ ಬಿಟ್ಟು ಹೋಗುವುದು ಅವಳ ಪರಿಪಾಠ. ವಿಭಾ ಬಂದಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಮಾತು ಕಡಿಮೆ, ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ. ಆದರೆ ಸ್ವರ ಹಿಡಿದರೆ ಬಿಡುತ್ತಿರಲಿಲ್ಲ. ಅಂಥ ಕಿವಿಯ ಮಕ್ಕಳು ಒಬ್ಬ ಗುರುವಿಗೆ ಜೀವಮಾನದಲ್ಲಿ ಒಂದು ಸಿಕ್ಕರೆ ಹೆಚ್ಚು. ಮಕ್ಕಳಿಲ್ಲದ ಬಂಗಾರೆವ್ವನಿಗೆ ಆ ಹುಡುಗಿಯ ಮೇಲೆ ಎಷ್ಟು ಜೀವವಿತ್ತೆಂದರೆ, ಅವಳು ಬರುವ ದಿನ ಅಪ್ಪಾಸಾಹೇಬರ ಚಾ ಆರಿ ತಣ್ಣಗಾಗಿರುತ್ತಿತ್ತು.

ವಿಭಾಳಿಗೆ ಹದಿಮೂರು ತುಂಬಿದ ಮೇಲೆ ದನಿ ಗೊಗ್ಗರಾಗತೊಡಗಿತು. ಹಾಡಿನ ನಡುವೆ ಕೆಮ್ಮು; ಮೇಲಿನ ಸ್ವರಕ್ಕೆ ಹೋದರೆ ನೂಲು ಹರಿದಂತೆ ಕಡಿಯುವುದು. ಸಿಂಧು ಗಾಬರಿಯಾದಳು. ಬಂಗಾರೆವ್ವ ನಕ್ಕಳು.

"ಹೆದರಬ್ಯಾಡ ತಂಗಿ. ದನಿ ಒಡ್ಯಾಕತ್ತೈತಿ. ಒಡದ ಮ್ಯಾಲ ಗಟ್ಟಿ ಆಗತೈತಿ. ಈಗ ಬಿಟ್ರ ಕೆಟ್ಟ ಹೋಗತೈತಿ, ಇನ್ನೂ ಜಾಸ್ತಿ ಹಾಡಸಬೇಕು."

ಇದು ಅವಳೊಬ್ಬಳ ಮಾತಲ್ಲ, ಹಾಡು ಕಲಿಸುವವರ ಮನೆಗಳಲ್ಲಿ ಹಿಂದಿನಿಂದ ನಡೆದು ಬಂದ ನಂಬಿಕೆ. ಗೊಗ್ಗರು ದನಿ ಎಂದರೆ ಮಾಗುತ್ತಿರುವ ದನಿ. ಜ್ಯೇಷ್ಠಮಧು ಜಗಿಯಲು ಕೊಟ್ಟಳು, ಮೆಣಸಿನ ಕಷಾಯ ಕುಡಿಸಿದಳು, ಸಾಧನೆಯ ಹೊತ್ತು ಹೆಚ್ಚಿಸಿದಳು. ಹುಡುಗಿ ಒಂದು ಸಲವೂ ಆಗುವುದಿಲ್ಲ ಎನ್ನಲಿಲ್ಲ. ಆ ವರ್ಷದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿ ಒಂದು ವಚನ ಎತ್ತಿಕೊಂಡವಳು ಎರಡನೆಯ ಸಾಲಿಗೆ ಬಾಯಿ ತೆರೆದಳು; ಬರೀ ಗಾಳಿ ಬಂತು. ಸಭೆ ಪ್ರೋತ್ಸಾಹಕ್ಕೆಂದು ಚಪ್ಪಾಳೆ ತಟ್ಟಿತು. ವಿಭಾ ಕೈಮುಗಿದು ಇಳಿದು ಬಂದು ತಾಯಿಯ ಪಕ್ಕ ಕುಳಿತಳು. ಮನೆ ಸೇರುವವರೆಗೆ ಅಳಲಿಲ್ಲವಂತೆ.

ಡಾಕ್ಟರು ಗಂಟಲಿಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು. ದನಿಯ ತಂತುಗಳ ಮೇಲೆ ಗಂಟುಗಳು. ಅಂಗೈಗೆ ಜಡ್ಡು ಕಟ್ಟುತ್ತದಲ್ಲ, ಹಾಗೆ. ಕೆಲವು ತಿಂಗಳು ಹಾಡುವಂತಿಲ್ಲ, ಮಾತೂ ಅಷ್ಟಕ್ಕಷ್ಟೇ. ಆಮೇಲೆ ಎಷ್ಟು ಮರಳಿ ಬರುತ್ತದೆಂದು ಈಗಲೇ ಹೇಳಲಾಗದು. ಸಿಂಧು ಗರಾಜಿಗೆ ಬಂದು ಜಮಖಾನದ ಮೇಲೆ ಕುಳಿತು ಇದನ್ನೆಲ್ಲ ಹೇಳಿದಳು.

"ಡಾಕ್ಟ್ರು ಕೇಳಿದ್ರು ಅಕ್ಕಾ, ಇವಳು ಎಲ್ಲಾದ್ರೂ ಕೂಗಾಡ್ತಾಳಾ, ಸಾಕರ್ ಗೀಕರ್ ಆಡ್ತಾಳಾ ಅಂತ. ಎಲ್ಲಿ ಕೂಗ್ತಾಳೆ? ನಮ್ಮನೇಲಿ ಇವಳಷ್ಟು ಸೈಲೆಂಟು ಯಾರೂ ಇಲ್ಲ. ಹಾಡೋದು ಬಿಟ್ರೆ ಬಾಯೇ ತೆಗಿಯಲ್ಲ ಅಂದೆ."

"ಹೌದವಾ," ಎಂದಳು ಬಂಗಾರೆವ್ವ. "ಯಾರದೋ ಕಣ್ಣು ತಾಗೈತಿ."

ಕೂಗದ ಮಗುವಿಗೆ ಕೂಗಿದವರ ಗಾಯ ಹೇಗಾಯಿತೆಂದು ಇಬ್ಬರೂ ಯೋಚಿಸಿದರು. ಯೋಚಿಸುವಾಗ ಗೋಡೆಯಾಚೆಯ ಸದ್ದಿಗೆ ಇಬ್ಬರೂ ದನಿ ಎತ್ತಿಯೇ ಮಾತಾಡುತ್ತಿದ್ದರು.

ಮಾರ್ಚಿನಲ್ಲಿ ಊರಿಗೂರೇ ಬಾಗಿಲು ಹಾಕಿಕೊಂಡಿತು. ರೋಗದ ಸುದ್ದಿ, ಅಂಗಡಿ ಮುಂದೆ ಸಾಲು, ಸ್ಕೂಲು ಆಫೀಸು ಎಲ್ಲ ಮನೆಯೊಳಗೆ. ಅದಾದ ಮೇಲೆ ಒಂದು ಬೆಳಿಗ್ಗೆ ಎದ್ದಾಗ ಬಂಗಾರೆವ್ವನಿಗೆ ಕಿವಿ ಕಟ್ಟಿಕೊಂಡಂತೆ ಅನ್ನಿಸಿತು. ಮೂಗು ಹಿಡಿದು ಊದಿ ನೋಡಿದಳು. ಕಿವಿಯಲ್ಲಿ ಬೆರಳಿಟ್ಟು ಅಲುಗಾಡಿಸಿದಳು. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಅಪ್ಪಾಸಾಹೇಬರು ಚಮಚ ಕೆಳಗಿಟ್ಟ ಸದ್ದು ಕೇಳಿಸಿತು. ಆ ಮನೆಯಲ್ಲಿ ಅಷ್ಟು ವರ್ಷ ಇದ್ದು ಚಮಚದ ಸದ್ದು ಮಲಗುವ ಕೋಣೆಯವರೆಗೆ ಬಂದದ್ದು ಅದೇ ಮೊದಲು. ಕಿವಿಯದೇನೂ ತಪ್ಪಿರಲಿಲ್ಲ, ಫ್ರೀವೇ ಖಾಲಿಯಾಗಿತ್ತು.

ಹಿತ್ತಲಿಗೆ ಹೋದಳು. ಕಾಂಕ್ರೀಟ್ ಗೋಡೆಯ ಮೇಲೆ ಒಂದು ಗುಬ್ಬಿಗಾತ್ರದ ಹಕ್ಕಿ, ತಲೆಯ ಮೇಲೆ ಬಿಳಿ ಕಪ್ಪು ಪಟ್ಟೆ. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಅದು ಮೊದಲು ಒಂದು ಉದ್ದನೆಯ ಸಿಳ್ಳು ಹಾಕಿತು, ಆಮೇಲೆ ಮೂರು ನಾಲ್ಕು ಸ್ವರ ಇಳಿದು, ತೀರ ತಗ್ಗಿನಲ್ಲಿ ಒಂದು ಸಣ್ಣ ಗಮಕ ಮಾಡಿ ನಿಲ್ಲಿಸಿತು. ಅವಸರವಿಲ್ಲ. ದೂರದ ಇನ್ಯಾವುದೋ ಮನೆಯ ಮೇಲಿಂದ ಇನ್ನೊಂದು ಹಕ್ಕಿ ಉತ್ತರ ಕೊಟ್ಟಿತು. ಇದು ಸುಮ್ಮನಿದ್ದು ಅದನ್ನು ಕೇಳಿಸಿಕೊಂಡು ಮತ್ತೆ ತನ್ನದನ್ನು ಹೇಳಿತು. ಬಂಗಾರೆವ್ವ ಬರಿಗಾಲಲ್ಲಿ ನಿಂತು ಕೇಳಿದಳು. ಅಂದಿನಿಂದ ದಿನವೂ ನಸುಕಿನಲ್ಲಿ ಹಿತ್ತಲಿಗೆ ಹೋಗಿ ನಿಲ್ಲುವುದು ರೂಢಿಯಾಯಿತು.

ಏಪ್ರಿಲಿನಲ್ಲಿ ಸಿಂಧು ಮತ್ತು ವಿಭಾ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬೆಳಗಿನ ವಾಕಿಂಗಿಗೆ ಬಂದವರು ಡ್ರೈವ್‌ವೇಯಲ್ಲಿ ನಿಂತರು. ಬಂಗಾರೆವ್ವ ಬಾಗಿಲಲ್ಲಿ. ವಿಭಾಳಿಗೆ ಅಷ್ಟರಲ್ಲಿ ಸ್ವಲ್ಪ ಸ್ವಲ್ಪ ಮಾತಾಡಲು ಅನುಮತಿ ಸಿಕ್ಕಿತ್ತು. ಬಾಯಿ ಮುಚ್ಚಿಕೊಂಡಿದ್ದ ತಿಂಗಳುಗಳಲ್ಲಿ ಹುಡುಗಿ ಹಕ್ಕಿಗಳನ್ನು ಹಚ್ಚಿಕೊಂಡಿದ್ದಳು. ಸ್ಕೂಲಿನ ಪ್ರಾಜೆಕ್ಟೂ ಅದರದೇ. ಗೋಡೆಯ ಮೇಲಿನ ಹಕ್ಕಿ ಹಾಡಿದಾಗ ಅವಳ ಮುಖ ಅರಳಿತು. ಜೇಬಿನಿಂದ ಫೋನು ತೆಗೆದಳು.

"ಅಜ್ಜಿ, ಇದು ಕೇಳಿ. ಲಾಸ್ಟ್ ಇಯರ್ದು. ಕ್ಲಾಸಿಗೆ ವೇಟ್ ಮಾಡ್ತಾ ರೆಕಾರ್ಡ್ ಮಾಡಿದ್ದು. ಸೇಮ್ ವಾಲ್."

ಫೋನಿನಲ್ಲಿ ಮೊದಲು ಫ್ರೀವೇಯ ಬೋರೆನ್ನುವ ಸದ್ದು. ಅದರ ಮೇಲೆ ತೆಳ್ಳಗೆ, ಬಿರುಸಾಗಿ, ಗಂಟಲು ಹರಿದುಕೊಂಡಂಥ ಒಂದು ಕೂಗು. ಉದ್ದ ಸಿಳ್ಳು ಇತ್ತು. ಇಳಿಯುವ ಸ್ವರಗಳೂ, ತಗ್ಗಿನ ಗಮಕವೂ ಇರಲಿಲ್ಲ.

"ಇದು ಬ್ಯಾರೆ ಹಕ್ಕಿ," ಎಂದಳು ಬಂಗಾರೆವ್ವ.

"ಅಲ್ಲ ಅಜ್ಜಿ, ಅದೇ. ಅದೇ ಟೈಪು." ವಿಭಾ ಮೆಲ್ಲಗೆ, ಉಳಿಸಿ ಉಳಿಸಿ ಮಾತಾಡಿದಳು. "ಫ್ರೀವೇ ಸೌಂಡ್ ಎಲ್ಲಾ ಲೋ. ಅದಕ್ಕೆ ಇವರ ಲೋ ನೋಟ್ಸ್ ಯಾರಿಗೂ ಕೇಳಲ್ಲ. ಸೋ ಬಿಟ್ಬಿಡ್ತಾವೆ. ಮೇಲಿಂದೇ ಜೋರಾಗಿ ಹಾಡ್ತಾವೆ. ಈಗ ಕಾರ್ಸ್ ಇಲ್ವಲ್ಲ, ಅದಕ್ಕೆ ಕೆಳಗೆ ಬಂತು."

"ಯಾರರ ಹೇಳಿಕೊಟ್ರೇನು ಅದಕ, ಹಂಗ ಹಾಡು ಅಂತ?"

"ಅದೇ ಸ್ಯಾಡ್ ಪಾರ್ಟು. ಬೇಬೀಸ್ ದೊಡ್ಡೋರ್ದನ್ನೇ ಕಾಪಿ ಮಾಡಿ ಕಲೀತಾವೆ. ಫ್ರೀವೇ ಹತ್ರ ಹುಟ್ಟಿರೋವು ಶೌಟಿಂಗೇ ಕಲೀತಾವೆ. ದೇ ಡೋಂಟ್ ನೋ ಇಟ್ಸ್ ಶೌಟಿಂಗ್, ಅಜ್ಜಿ. ಹಾಡು ಅಂದ್ರೆ ಅದೇ ಅನ್ಕೊಂಡಿರ್ತಾವೆ."

ಹುಡುಗಿಯ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ತನಗೆ ಗೊತ್ತಾದದ್ದನ್ನು ಪ್ರೀತಿಯ ಗುರುವಿಗೆ ಹೇಳಿದಳು, ಅಷ್ಟೇ. ಬಾಯ್ ಎಂದು ಕೈಬೀಸಿ ತಾಯಿಯ ಜೊತೆ ಹೊರಟೂ ಹೋದಳು. ಬಂಗಾರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

ಆಮೇಲೆ ಗರಾಜಿಗೆ ಹೋಗಿ ಬಾಗಿಲು ಹಾಕಿಕೊಂಡಳು. ತಂಬೂರಿ ಪೆಟ್ಟಿಗೆ ಹಚ್ಚಿದಳು. ಗುಂಡಿ ಎಲ್ಲಿ ನಿಂತಿದೆಯೋ ಅಲ್ಲಿಯೇ ಇಟ್ಟು, ದಿನವೂ ಮಕ್ಕಳಿಗೆ ತೋರಿಸುತ್ತಿದ್ದ ಹಾಗೆ ಸಾ ಎತ್ತಿದಳು. ಆ ನಿಶ್ಶಬ್ದದಲ್ಲಿ ತನ್ನ ದನಿ ಕೇಳಿ ಅವಳೇ ಬೆಚ್ಚಿದಳು. ಅದು ಸ್ವರವಲ್ಲ, ಬಾವಿಯಲ್ಲಿ ಬಿದ್ದವರು ಮೇಲಿನವರನ್ನು ಕರೆಯುವಂಥ ಕೂಗು. ಇದನ್ನೇ ಮಕ್ಕಳ ಮುಂದೆ ಇಟ್ಟು ಹೀಗೆ ಹಾಡಿ ಎಂದಿದ್ದಳು. ಇದನ್ನೇ ವಿಭಾ, ಅಷ್ಟು ಸೂಕ್ಷ್ಮ ಕಿವಿಯವಳು, ಒಂದು ಕೂದಲೆಳೆಯೂ ತಪ್ಪದಂತೆ ಕಲಿತಿದ್ದಳು.

ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಇನ್ನೂ ಹಿಂದಕ್ಕೆ, ತನ್ನ ಹುಡುಗಿತನದ ಶ್ರುತಿಗೆ. ಕೆಳಗಿನ ಸಾ ಹುಡುಕಿ ಇಳಿದಳು. ನಡುವಿನ ಸ್ವರಗಳು ಬಂದವು, ಅದರ ಕೆಳಗಿನವು ತಡವರಿಸಿದವು. ಅದರ ಕೆಳಗೆ ಏನೂ ಇರಲಿಲ್ಲ. ಬಾಯಿಂದ ಉಸಿರು ಬಂತು, ಒಂದಿಷ್ಟು ಗರಗರ ಬಂತು. ಮತ್ತೆ ಮತ್ತೆ ಪ್ರಯತ್ನಿಸಿದಳು. ತಿಂಗಳುಗಟ್ಟಲೆ ಮಾಸ್ತರರ ಮುಂದೆ ಕುಳಿತು ಗಳಿಸಿದ ಜಾಗ ಯಾವಾಗ ಕೈತಪ್ಪಿ ಹೋಯಿತೋ, ಹೋದದ್ದು ಗೊತ್ತೂ ಆಗಿರಲಿಲ್ಲ. ಬಂಗಾರೆವ್ವ ಹಾರ್ಮೋನಿಯಮ್ಮಿನ ಮೇಲೆ ಹಣೆಯಿಟ್ಟು ಅತ್ತಳು. ತನ್ನ ದನಿಗಾಗಿ ಅತ್ತದ್ದು ಸ್ವಲ್ಪ. ತನಗಾದರೆ ಒಂದು ಕಾಲದಲ್ಲಿ ಇತ್ತು, ಆ ಕೂಸಿಗೆ ಅದರ ರುಚಿಯನ್ನೇ ತೋರಿಸಲಿಲ್ಲವಲ್ಲ ಎಂದು ಅತ್ತದ್ದೇ ಹೆಚ್ಚು.

ಅಪ್ಪಾಸಾಹೇಬರು ಬಾಗಿಲು ತಟ್ಟಿದರು. "ಏನಾತ? ನೆಗಡಿ ಆಗೈತೇನ? ಈಗಿನ ಕಾಲದಾಗ ನೆಗಡಿ ಚಲೋ ಅಲ್ಲ, ಗಂಟಲಾ ತೋರಸು."

"ಆ ಹುಡುಗಿ ಗಂಟಲಾ ನಾನ ಕೆಡಿಸೀನ್ರೀ," ಎಂದಳು.

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಳ್ಳೆಯ ಗಂಡಂದಿರು ಹೇಳುವುದನ್ನೇ ಹೇಳಿದರು. ನೀನೇನು ಬೇಕಂತ ಮಾಡಿದೆಯಾ, ಮಕ್ಕಳಿಗೆ ಗಂಟಲು ಬೇನೆ ನೂರು ಕಾರಣಕ್ಕೆ ಬರುತ್ತದೆ, ಡಾಕ್ಟರೇ ಹೇಳದ್ದನ್ನು ನೀನೇಕೆ ಮೈಮೇಲೆ ಎಳೆದುಕೊಳ್ಳುತ್ತೀ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಯ ಮಾತು ನಿಜ. ಅದೇ ಅವಳನ್ನು ಚುಚ್ಚಿತು. ಕೆಲವು ದಿನ ಅವಳೂ ಬೇರೆ ಕಾರಣ ಹುಡುಕಿದಳು: ಸ್ಕೂಲಿನ ಮೈದಾನ, ಐಸ್‌ಕ್ರೀಮು, ಇಲ್ಲಿಯ ಒಣ ಹವೆ. ಹೇಳಿದರೆ ಕ್ಲಾಸು ನಿಲ್ಲುತ್ತದೆ. ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ. ಗುರು ಎಂದು ಕಾಲು ಮುಟ್ಟಿದವರು ಎದುರಿಗೆ ಸಿಕ್ಕರೆ ಮುಖ ಆ ಕಡೆ ಮಾಡುತ್ತಾರೆ. ಎಲ್ಲ ಲೆಕ್ಕ ಹಾಕಿದಳು. ಆದರೆ ಹೇಳದಿದ್ದರೆ, ಗಂಟು ಕರಗಿದ ಮೇಲೆ ಸಿಂಧು ಮಗಳನ್ನು ಮತ್ತೆ ಇದೇ ಜಮಖಾನಕ್ಕೆ ಕರೆತರುತ್ತಾಳೆ, ಮಗಳು ಮತ್ತೆ ಹಾಗೆಯೇ ಹಾಡುತ್ತಾಳೆ.

ಒಂದು ಬೆಳಿಗ್ಗೆ ಮಾಸ್ಕು ಕಟ್ಟಿಕೊಂಡು ಸಿಂಧುವಿನ ಮನೆಗೆ ನಡೆದಳು. ಅಂಗಳದಲ್ಲಿ ನಿಂತು, ದೂರದಿಂದಲೇ, ಒಂದೊಂದಾಗಿ ಹೇಳಿದಳು. ಶ್ರುತಿ ಏರಿಸಿದ್ದು, ಮಾಸ್ತರರು ಕಲಿಸಿದ ಕೆಳಗಿನ ಸಾ ಬಿಟ್ಟದ್ದು, ದನಿ ಗೊಗ್ಗರಾದಾಗ ನಿಲ್ಲಿಸುವ ಬದಲು ಹೆಚ್ಚು ಹಾಡಿಸಿದ್ದು.

"ಡಾಕ್ಟರ್ ಕೇಳಿದ್ರಲ್ಲವಾ, ಎಲ್ಲಿ ಒದರ್ತಾಳ ಅಂತ. ನನ್ನ ಮುಂದ ಕುಂತ ಒದರತಿದ್ಲು. ನಾನ ಒದರಸ್ತಿದ್ದೆ. ನನಗ ತಿಳೀಲಿಲ್ಲ."

ಸಿಂಧು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು.

"ಅವಳು ಮನೇಲಿ ನಂಗೆ ಹೇಳ್ತಿದ್ಲು ಅಕ್ಕಾ, ನೋಯುತ್ತೆ ಅಂತ. ಅಜ್ಜಿಗೆ ಗೊತ್ತಿರುತ್ತೆ ಸುಮ್ನಿರು ಅಂತ ನಾನೇ ಗದರಿಸಿ ಕಳಿಸ್ತಿದ್ದೆ. ನಿಮ್ಮನ್ನ ನಂಬಿ ನನ್ನ ಮಗಳನ್ನ ನಂಬಲಿಲ್ಲ ನಾನು." ಅಷ್ಟು ಹೇಳಿ, "ಈಗ ಹೋಗಿ ಅಕ್ಕಾ, ಪ್ಲೀಸ್" ಎಂದು ಒಳಗೆ ಹೋಗಿ ಬಾಗಿಲು ಹಾಕಿದಳು.

ಬಂಗಾರೆವ್ವ ಅಲ್ಲಿಗೇ ನಿಲ್ಲಿಸಲಿಲ್ಲ. ಉಳಿದ ಮಕ್ಕಳ ತಾಯಂದಿರಿಗೂ ಫೋನು ಮಾಡಿ ಹೇಳಿದಳು. ಗಂಟಲು ತೋರಿಸಿ, ಸದ್ಯ ಹಾಡಿಸಬೇಡಿ ಎಂದಳು. ಕೆಲವರು ಸಮಾಧಾನ ಹೇಳಿದರು. ಕೆಲವರು ಮತ್ತೆ ಫೋನು ಎತ್ತಲಿಲ್ಲ. ಹಾರ್ಮೋನಿಯಮ್ಮಿಗೆ ಹಳೆಯ ಸೀರೆ ಹೊದಿಸಿಟ್ಟಳು. ಗರಾಜಿನಲ್ಲಿ ಅಪ್ಪಾಸಾಹೇಬರ ಈರುಳ್ಳಿ ಚೀಲ, ಸಲಿಕೆ, ಗೊಬ್ಬರದ ಮೂಟೆ ಬಂದು ಕುಳಿತವು.

ಬೇಸಿಗೆಯ ಹೊತ್ತಿಗೆ ಗಾಡಿಗಳು ಒಂದೊಂದಾಗಿ ಮರಳಿದವು, ಮುಂದಿನ ವರ್ಷಕ್ಕೆ ಫ್ರೀವೇ ಮೊದಲಿನಂತೆಯೇ ಆಯಿತು. ಬಂಗಾರೆವ್ವ ನಸುಕಿನಲ್ಲಿ ಹಿತ್ತಲಿಗೆ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಗೋಡೆಯ ಮೇಲಿನ ಹಾಡು ಮೇಲೇರುವುದನ್ನು ಅವಳು ದಿನದಿನವೂ ಕೇಳಿದಳು. ಮೊದಲು ಕೊನೆಯ ಗಮಕ ಹೋಯಿತು. ಆಮೇಲೆ ಇಳಿಯುವ ಸ್ವರಗಳು. ಉಳಿದದ್ದು ಆ ಸಿಳ್ಳು, ಅದೂ ಬಿರುಸಾಗಿ. ಗಾಡಿಗಳಿಗಿಂತ ಮುಂಚೆ ಹೇಳಿ ಮುಗಿಸಬೇಕೆಂದೋ ಏನೋ, ಹಕ್ಕಿ ಈಗ ಕತ್ತಲಿರುವಾಗಲೇ ಶುರು ಮಾಡುತ್ತಿತ್ತು. ಬೀದಿ ದೀಪದ ಬೆಳಕಿನಲ್ಲಿ ನಿಂತು ಕೂಗುವ ಆ ಹಿಡಿಯಷ್ಟು ಜೀವವನ್ನು ನೋಡುತ್ತ ಅವಳು ಬೆಳಕು ಹರಿಯುವವರೆಗೆ ನಿಲ್ಲುತ್ತಿದ್ದಳು. ಮನುಷ್ಯರ ಮಕ್ಕಳಿಗಾದರೆ ಫೋನು ಮಾಡಿ ಹೇಳಬಹುದು. ಇದಕ್ಕೆ ಯಾರು ಹೇಳುವವರು? ಟೈರಿನವರು ನಿಲ್ಲಿಸುವುದಿಲ್ಲ, ಗೋಡೆಯವರು ಎತ್ತರ ಮಾಡುವುದಿಲ್ಲ. ಪೆಟ್ರೋಲು ಬಿಟ್ಟು ಕರೆಂಟಿನ ಕಾರು ಬಂದರೆ ಸದ್ದಿರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅಪ್ಪಾಸಾಹೇಬರನ್ನು ಕೇಳಿದಳು. "ಆ ಸ್ಪೀಡಿನ್ಯಾಗ ಸದ್ದು ಎಂಜಿನ್ನಿಂದಲ್ಲ, ಟೈರಿಂದು," ಎಂದು ಅವರು ತಲೆಯಾಡಿಸಿದರು.

ವಿಭಾಳ ಸುದ್ದಿ ಆಗೀಗ ಬೇರೆಯವರಿಂದ ತಿಳಿಯುತ್ತಿತ್ತು. ಗಂಟು ಕರಗಿದೆಯಂತೆ. ದನಿ ದಪ್ಪವಾಗಿದೆಯಂತೆ. ಹಾಡುವುದಿಲ್ಲವಂತೆ, ಯಾರಾದರೂ ಹಾಡು ಎಂದರೆ ಎದ್ದು ಹೋಗುತ್ತಾಳಂತೆ. ಇಷ್ಟು ಕೇಳಿದ ದಿನ ಬಂಗಾರೆವ್ವನಿಗೆ ಊಟ ಸೇರುತ್ತಿರಲಿಲ್ಲ.

ಅದರ ಮರುವರ್ಷದ ವಸಂತದಲ್ಲಿ ಒಂದು ಬೆಳಿಗ್ಗೆ ಡ್ರೈವ್‌ವೇಗೆ ಕಾರೊಂದು ತಡೆದು ತಡೆದು ಬಂದು, ಹುಲ್ಲಿನ ಮೇಲೆ ಒಂದು ಚಕ್ರ ಹತ್ತಿಸಿ ನಿಂತಿತು. ಓಡಿಸುತ್ತಿದ್ದವಳು ವಿಭಾ. ಹದಿನಾರರ ಹತ್ತಿರ ಬಂದು ತಾಯಿಯಷ್ಟೇ ಎತ್ತರವಾಗಿದ್ದಳು. ಲರ್ನರ್ ಪರ್ಮಿಟ್ಟಿನವರ ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕೆಂಬುದು ಇಲ್ಲಿಯ ಕಾನೂನು, ಹಾಗಾಗಿ ಸಿಂಧು ಬಂದಿದ್ದಳು. ಇಳಿಯಲಿಲ್ಲ. ಗಾಜು ಇಳಿಸಿ ಎಲ್ಲೋ ನೋಡುತ್ತ ಹೇಳಿದಳು.

"ಬೇರೆ ಟೀಚರ್ ಹತ್ರ ಸೇರಿಸ್ತೀನಿ ಅಂದೆ ಅಕ್ಕಾ. ಒಪ್ಪಲಿಲ್ಲ. ಇಲ್ಲಿಗೇ ಬರ್ಬೇಕಂತೆ."

ಬಂಗಾರೆವ್ವ ಗರಾಜಿನ ಬಾಗಿಲು ಎತ್ತಿದಳು. ಈರುಳ್ಳಿ ಚೀಲ ಸರಿಸಿ, ಜಮಖಾನ ಕೊಡವಿ ಹಾಸಿದಳು. ವಿಭಾ ಕುಳಿತಳು.

"ಅಜ್ಜಿ, ನಂಗೆ ಕೆಳಗಿನ ಸಾ ಹೇಳ್ಕೊಡಿ."

"ನನ್ನ ಕಡೆ ಇಲ್ಲ ಕೂಸ," ಎಂದಳು ಬಂಗಾರೆವ್ವ. "ಹೋಗಿ ಭಾಳ ವರ್ಷ ಆತು. ಇಲ್ಲದ್ದನ್ನ ಹೆಂಗ ಕೊಡ್ಲಿ? ಅದೂ ಈ ಸದ್ದಿನ್ಯಾಗ. ಕಡಲ ಕಡೆ ಹೋಗೂಣು, ಅಲ್ಲಿ ಶಾಂತ ಐತಿ."

"ಬೇಡ. ಇಲ್ಲೇ ಹೋಗಿದ್ದು, ಇಲ್ಲೇ ಹುಡುಕ್ತೀನಿ." ಪೂರ್ತಿ ಕನ್ನಡದಲ್ಲೇ ಹೇಳಿದಳು. ನಂತರ ಸ್ವಲ್ಪ ನಾಚಿ, "ನಮ್ಮ ವಾಯ್ಸ್ ಥೆರಪಿಸ್ಟ್ ಹೇಳಿದಾರೆ, ಕೇಳಿಸ್ಕೊಳ್ಳೋಕೆ ಹೋಗ್ಬೇಡ, ಫೀಲ್ ಮಾಡು ಅಂತ. ಹಿಯರ್." ಹಾಗೆಂದು ಬಂಗಾರೆವ್ವನ ಕೈ ಹಿಡಿದು ತನ್ನ ಬೆನ್ನಿನ ಮೇಲೆ, ಭುಜದ ಎಲುಬುಗಳ ನಡುವೆ ಇಟ್ಟುಕೊಂಡಳು.

ವಿಭಾ ಕಣ್ಣು ಮುಚ್ಚಿದಳು. ತುಟಿ ಸ್ವಲ್ಪವೇ ತೆರೆಯಿತು. ಗೋಡೆಯಾಚೆ ಟ್ರಕ್ಕುಗಳು ಒಂದರ ಹಿಂದೊಂದು ಹೋಗುತ್ತಿದ್ದವು, ವಾಟರ್ ಹೀಟರು ಗುರ್ ಎನ್ನುತ್ತಿತ್ತು. ಬಂಗಾರೆವ್ವನಿಗೆ ಏನೂ ಕೇಳಿಸಲಿಲ್ಲ. ಬಾಗಿ ಕಿವಿಯನ್ನು ಹುಡುಗಿಯ ಬಾಯಿಯ ಹತ್ತಿರಕ್ಕೆ ತಂದಳು, ಆಗಲೂ ಇಲ್ಲ. ಆದರೆ ಅಂಗೈಗೆ ಮೊದಲು ಉಸಿರು ಸಿಕ್ಕಿತು. ಅದರ ತಳದಲ್ಲಿ, ತೀರ ಕೆಳಗೆ, ಒಂದೇ ಸಮನಾದ ಸಣ್ಣ ಕಂಪನ. ಅದು ಅಲುಗಲಿಲ್ಲ, ಕಡಿಯಲಿಲ್ಲ. ಉಸಿರು ತೀರುವವರೆಗೆ ಅಲ್ಲೇ ನಿಂತಿತ್ತು.

ಸಿಂಧು ಕಾರಿನಿಂದ ಇಳಿದು ಗರಾಜಿನ ಬಾಗಿಲಿಗೆ ಬಂದಿದ್ದಳು. ಮಗಳ ಬಾಯಿ ತೆರೆದಿದೆ, ದನಿಯಿಲ್ಲ. ವೇದಿಕೆಯ ಮೇಲೆ ಒಮ್ಮೆ ಕಂಡದ್ದೇ ಮತ್ತೆ ಕಂಡಂತಾಗಿ ಅವಳ ಮುಖ ಬಿಳಿಚಿತು.

"ಯಾಕೆ ಅಕ್ಕಾ? ಬರ್ತಿಲ್ವಾ? ಏನೂ ಕೇಳಿಸ್ತಿಲ್ಲ..."

ಬಂಗಾರೆವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು. ಇನ್ನೊಂದು ಕೈ ಚಾಚಿ ಹತ್ತಿರ ಕರೆದಳು. ಸಿಂಧು ಚಪ್ಪಲಿ ಬಿಡುವುದನ್ನೂ ಮರೆತು ಜಮಖಾನದ ಮೇಲೆ ಬಂದು ಕುಳಿತಳು. ಬಂಗಾರೆವ್ವ ಅವಳ ಕೈಯನ್ನು ತೆಗೆದುಕೊಂಡು, ತನ್ನ ಕೈ ಇದ್ದ ಜಾಗದಲ್ಲಿ ಇಟ್ಟು ಒತ್ತಿ ಹಿಡಿದಳು. ವಿಭಾ ಮತ್ತೊಮ್ಮೆ ಉಸಿರೆಳೆದುಕೊಂಡು ಇಳಿದಳು. ಆ ಕಂಪನ ತಾಗಿದ್ದೇ ತಾಯಿಯ ಬೆರಳುಗಳು ಮಗಳ ಬೆನ್ನಿನ ಮೇಲೆ ಗಕ್ಕನೆ ನಿಂತವು.